ಬಣ್ಣ ಕೆರೆಯುವ ಮೊದಲು

ಹಳೆಯ ಮೋಟಾರ್‌ಸೈಕಲ್ಲೊಂದನ್ನು ಮನೆಯ ಶೆಡ್ಡಿನಲ್ಲಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಓಡುವಂತೆ ಮಾಡಿದವರನ್ನು ಜನ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಖರ್ಚಾಯಿತು, ಸ್ಪೇರ್ ಎಲ್ಲಿ ಸಿಕ್ಕಿತು, ಮೈಲೇಜ್ ಎಷ್ಟು ಕೊಡುತ್ತದೆ. ಯಾರೂ ಅಷ್ಟಾಗಿ ಕೇಳದ ನಾಲ್ಕನೆಯ ಪ್ರಶ್ನೆಯೊಂದಿದೆ: ಗಾಡಿಯನ್ನು ಯಾವ ದಿನಕ್ಕೆ ಮರಳಿಸಿದಿರಿ? ಕಾರ್ಖಾನೆಯ ಬಾಗಿಲು ದಾಟಿ ಹೊರಬಂದ ದಿನಕ್ಕೋ, ಮೊದಲ ಮಾಲೀಕ ಅದಕ್ಕೆ ಸೀರೆ ಗಾರ್ಡ್ ಕೂರಿಸಿದ ದಿನಕ್ಕೋ, ಇಪ್ಪತ್ತು ವರ್ಷದ ನಂತರ ಯಾವುದೋ ಊರಿನ ಮೆಕ್ಯಾನಿಕ್ ಅದರ ಬ್ಯಾರೆಲ್ಲನ್ನು ಮತ್ತೆ ಬೋರ್ ಮಾಡಿಸಿದ ದಿನಕ್ಕೋ? ಹಳೆಯದನ್ನು ‘ಮೊದಲಿನಂತೆ’ ಮಾಡುವುದು ಅಂದರೆ ಯಾವ ಮೊದಲು ಎಂದು ನಿರ್ಧರಿಸುವುದು. ಆ ನಿರ್ಧಾರವನ್ನು ಇತಿಹಾಸಕಾರರೂ ದಿನನಿತ್ಯ ಮಾಡುತ್ತಾರೆ. ಅವರು ಅದನ್ನು ಕಾಗದದ ಮೇಲೆ ಮಾಡುತ್ತಾರೆ, ಶೆಡ್ಡಿನಲ್ಲಿ ಕೂತವರು ಸ್ಯಾಂಡ್‌ಪೇಪರ್ ಹಿಡಿದು ಮಾಡುತ್ತಾರೆ. ಕಾಗದದ ಮೇಲಿನ ತಪ್ಪನ್ನು ತಿದ್ದಬಹುದು. ಕೆರೆದು ತೆಗೆದ ಬಣ್ಣ ಮಾತ್ರ ಹಿಂದಿರುಗುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಎಂಬ ಕಾರ್ಖಾನೆ ಮೋಟಾರ್‌ಸೈಕಲ್ ತಯಾರಿಸುತ್ತಿತ್ತು. ಅವು ಮೊದಲು ಜಾವಾ ಎಂಬ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಆ ಕಾರ್ಖಾನೆ ಈಗಿಲ್ಲ. ಕಾರ್ಖಾನೆಯೊಂದು ಮುಚ್ಚಿದಾಗ ಸಾಮಾನ್ಯವಾಗಿ ಮೊದಲು ಚದುರುವುದು ಅದರ ಕಾಗದಗಳು: ಹಾಜರಿ ಪುಸ್ತಕ, ನಕ್ಷೆ, ಸರಕಿನ ಚೀಟಿ. ಆಮೇಲೆ ಯಂತ್ರಗಳು ಹೋಗುತ್ತವೆ, ಕಡೆಗೆ ನೆನಪು. ಉಳಿಯುವುದು ಅದು ಹೊರಗೆ ಕಳಿಸಿದ ವಸ್ತು. ಹಾಗೆ ನೋಡಿದರೆ ಮೈಸೂರು, ಮಂಡ್ಯ, ಹಾಸನ, ಬೆಂಗಳೂರಿನ ಮನೆಗಳ ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ, ಕಾರ್ ಶೆಡ್ಡಿನ ಮೂಲೆಯಲ್ಲಿ ನಿಂತಿರುವ ಜಾವಾ, ಯೆಜ್ಡಿಗಳೇ ಆ ಕಾರ್ಖಾನೆಯ ಪತ್ರಾಗಾರ. ಭಾನುವಾರದ ಬಿಡುವಿನಲ್ಲಿ ಸ್ಪ್ಯಾನರ್ ಹಿಡಿದು ಕೂತವರು ತಮಗೆ ಗೊತ್ತಿಲ್ಲದೆಯೇ ಆ ಪತ್ರಾಗಾರದ ಪಾಲಕರೂ ಹೌದು, ಕೆಲವೊಮ್ಮೆ ಅದನ್ನು ಅಳಿಸುವವರೂ ಹೌದು.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರಿನ ಮೊದಲೆರಡು ಅಕ್ಷರ ಸೇರಿಸಿ ಹೊಸ ಹೆಸರು ಕಟ್ಟಿದ. ಚೆಕ್ ಬಾಯಲ್ಲಿ ಅದು ‘ಯಾವಾ’. ಇಂಗ್ಲಿಷ್ ಅಕ್ಷರಗಳ ಮೂಲಕ ನಮ್ಮೂರಿಗೆ ಬರುವ ಹೊತ್ತಿಗೆ ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ದೇಶ ನಾಜಿಗಳ ಹಿಡಿತದಲ್ಲಿದ್ದಾಗ, ಅಲ್ಲಿನ ಎಂಜಿನಿಯರುಗಳು ಯಾರಿಗೂ ತಿಳಿಯದಂತೆ 250 ಸಿಸಿ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಅದು ಪ್ಯಾರಿಸ್ ಪ್ರದರ್ಶನದಲ್ಲಿ ಬೆಳಕಿಗೆ ಬಂತು. ಆ ಹೊತ್ತಿಗೆ ಯಾನೆಚೆಕ್ ತೀರಿಕೊಂಡಿದ್ದ, ಕಾರ್ಖಾನೆ ಸರ್ಕಾರದ್ದಾಗಿತ್ತು. ಅದೇ ವಂಶದ ಮುಂದಿನ ಕುಡಿ 1954ರಲ್ಲಿ ಬಂದ 353 ಎಂಬ ಮಾದರಿ. ಮೈಸೂರಿನ ಜಾವಾದ ಮೂಲಪ್ರತಿ ಇದೇ.

ಚೆಕ್ ದೇಶದ ಗಾಡಿ ಮೈಸೂರಿಗೆ ಬಂದದ್ದು ಆಕಸ್ಮಿಕವಲ್ಲ. 1950ರ ದಶಕದಲ್ಲಿ ವಿದೇಶಿ ವಿನಿಮಯದ ಕೊರತೆಯಲ್ಲಿದ್ದ ಭಾರತ ಸರ್ಕಾರ ಸಿದ್ಧ ವಾಹನಗಳ ಆಮದನ್ನು ಬಿಗಿಗೊಳಿಸುತ್ತ ಬಂತು. ಮಾರಬೇಕಾದರೆ ಇಲ್ಲೇ ಮಾಡು ಎಂಬುದು ಅದರ ಸಾರ. ಪರಿಣಾಮವಾಗಿ ಆಮದು ವ್ಯಾಪಾರದಲ್ಲಿದ್ದವರು ತಯಾರಕರಾಗಬೇಕಾಯಿತು. ಮದರಾಸಿನಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ನೆಲೆಯೂರಿತು. ದೆಹಲಿಯ ಬಳಿ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಮಾದರಿಯನ್ನು ತಂದು ರಾಜದೂತ್ ಎಂದು ಕರೆಯಿತು. ಮುಂಬಯಿಯಲ್ಲಿ ಐಡಿಯಲ್ ಮೋಟರ್ಸ್ ನಡೆಸುತ್ತಿದ್ದ ಇರಾನಿ ಕುಟುಂಬ, ರುಸ್ತುಮ್ ಇರಾನಿಯವರ ನೇತೃತ್ವದಲ್ಲಿ, ಜಾವಾದ ಪರವಾನಗಿ ಪಡೆದು ಮೈಸೂರಿಗೆ ಬಂತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಅದೇ ವರ್ಷಗಳಲ್ಲಿ ತಿರುಚಿರಾಪಳ್ಳಿಯ ಬಾಯ್ಲರ್ ಕಾರ್ಖಾನೆ, ರಾಂಚಿಯ ಎರಕದ ಕಾರ್ಖಾನೆಗಳಿಗೂ ಚೆಕೊಸ್ಲೊವಾಕಿಯಾದ ನೆರವು ಸಿಗುತ್ತಿತ್ತು. ಶೀತಲ ಸಮರದ ರಾಜಕಾರಣ, ನೆಹರೂ ಕಾಲದ ಕೈಗಾರಿಕಾ ನೀತಿ, ಹಳೆಯ ಸಂಸ್ಥಾನದ ಊರು, ಪಾರ್ಸಿ-ಇರಾನಿ ಬಂಡವಾಳ ಇವೆಲ್ಲ ಎರಡು ಚಕ್ರದ ಮೇಲೆ ಕೂತು ನಮ್ಮ ಬೀದಿಗೆ ಬಂದವು.

ಹೆಸರು ಬದಲಾದದ್ದು 1970ರ ದಶಕದ ಆರಂಭದಲ್ಲಿ. ಚೆಕ್ ಪರವಾನಗಿಯ ಅವಧಿ ಮುಗಿದ ಮೇಲೆ ಕಂಪನಿ ತನ್ನದೇ ಹೆಸರನ್ನು ಹುಡುಕಬೇಕಾಯಿತು. ಇರಾನಿನ ಯಜ್ದ್ ನಗರ ಜರತುಷ್ಟ್ರ ಧರ್ಮದವರ ಹಳೆಯ ನೆಲೆ. ಮುಂಬಯಿಯ ಎಷ್ಟೋ ಇರಾನಿ ಕುಟುಂಬಗಳ ಮೂಲ ಅಲ್ಲಿದೆ. ಆ ಊರಿನಿಂದ ‘ಯೆಜ್ಡಿ’ ಬಂತು. ಹೀಗೆ ಚೆಕ್ ಎಂಜಿನಿಯರುಗಳ ನಕ್ಷೆಯ ಮೇಲೆ ಮೈಸೂರಿನ ಕೆಲಸಗಾರರು ಮಾಡಿದ ಗಾಡಿಗೆ ಪರ್ಷಿಯಾದ ಊರಿನ ಹೆಸರು ಬಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯವೂ ಕರ್ನಾಟಕವಾಯಿತು. ಗಾಡಿಯ ನೋಂದಣಿ ಸಂಖ್ಯೆಯ ಮೊದಲ ಅಕ್ಷರವೇ ಕಾಲವನ್ನು ಹೇಳುತ್ತದೆ. ಹಳೆಯ ಮೈಸೂರು ರಾಜ್ಯದ ಫಲಕಗಳು ‘ಎಂ’ನಿಂದ ಶುರುವಾಗುತ್ತಿದ್ದವು, ನಂತರ ‘ಸಿ’ಯಿಂದ ಶುರುವಾಗುವ ಸರಣಿ ಬಂತು, 1980ರ ದಶಕದ ಕೊನೆಯಲ್ಲಿ ‘ಕೆಎ’. ಟ್ಯಾಂಕಿನ ಮೇಲೆ ಯೆಜ್ಡಿ, ಎಂಜಿನ್ನಿನ ಕವರಿನ ಮೇಲೆ ಜಾವಾ, ಫಲಕದ ಮೇಲೆ ‘ಎಂ’ ಇರುವ ಗಾಡಿಯೊಂದು ಸಿಕ್ಕಿತೆನ್ನಿ. ಅದನ್ನು ‘ಮಿಶ್ರತಳಿ’ ಎಂದು ತಳ್ಳಿಹಾಕುವ ಮೊದಲು ಒಂದು ಕ್ಷಣ ನಿಲ್ಲಬೇಕು. ಒಂದು ಭಾಗ ಕೆಟ್ಟಾಗ ಸಿಕ್ಕ ಇನ್ನೊಂದನ್ನು ಹಾಕಿ ಬದುಕು ನಡೆಸಿದವರ ಕಥೆ ಅದು.

ಮನೆಯ ಶೆಡ್ಡಿನಲ್ಲಿ ಜಾವಾವೊಂದನ್ನು ಬಿಚ್ಚುತ್ತ ಹೋದರೆ ಆ ಕಥೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಮೊದಲು ಕಾಣುವುದು ಬಣ್ಣ. ಮೇಲಿನ ಪದರ ಮನೆಯಲ್ಲೇ ಬ್ರಷ್ಷಿನಿಂದ ಬಳಿದ ಕಪ್ಪು. ಅದರ ಕೆಳಗೆ ಯಾವುದೋ ಪೇಂಟರ್ ಗನ್ನಿನಿಂದ ಹೊಡೆದ ನೀಲಿ. ಇನ್ನೂ ಕೆಳಗೆ, ಟ್ಯಾಂಕಿನ ಅಡಿಯಲ್ಲಿ ಬಿಸಿಲು ಬೀಳದ ಕಡೆ, ಕಾರ್ಖಾನೆಯ ಕಡುಗೆಂಪು ಉಳಿದಿರುತ್ತದೆ. ಅದೃಷ್ಟವಿದ್ದರೆ ಚಿನ್ನದ ಬಣ್ಣದ ಸಣ್ಣ ಗೆರೆಯೂ ಸಿಗುತ್ತದೆ. ಆ ಗೆರೆ ಅಲ್ಲಲ್ಲಿ ಕೂದಲೆಳೆಯಷ್ಟು ದಪ್ಪವಾಗಿ, ಮತ್ತೆ ತೆಳುವಾಗಿ ಹೋಗುತ್ತದೆ. ಬ್ರಷ್ ಹಿಡಿದವರೊಬ್ಬರು ಅಲ್ಲಿ ಉಸಿರು ಬಿಗಿಹಿಡಿದಿದ್ದರು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಂಟಿಸಿದರೆ ಗೆರೆ ಎಲ್ಲೂ ತಪ್ಪುವುದಿಲ್ಲ. ಆದರೆ ಆ ಮನುಷ್ಯ ಹೊರಟುಹೋಗುತ್ತಾರೆ.

ಎಂಜಿನ್ ಬಿಚ್ಚಿದರೆ ಸಾಕ್ಷ್ಯ ಇನ್ನೂ ಖಚಿತ. ಜಾವಾ 250ರದು ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಓಡುವ ದೂರ 75 ಮಿಲಿಮೀಟರ್. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಆಯಿಲ್ ಸಂಪ್ ಇಲ್ಲ. ಲೀಟರಿಗೆ 40ರಿಂದ 50 ಮಿಲಿಲೀಟರ್ ಲೆಕ್ಕದಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ. ಸಿಲಿಂಡರ್ ಸವೆದಾಗ ಲೇತ್ ಅಂಗಡಿಯಲ್ಲಿ ಅದನ್ನು ತುಸು ಅಗಲಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್. ಪಿಸ್ಟನ್ನಿನ ತಲೆಯ ಮೇಲೆ ಆ ಅಳತೆ ಒತ್ತಿರುತ್ತದೆ. ಕರಿ ಒರೆಸಿ ನೋಡಿದಾಗ 65.75 ಎಂದಿದ್ದರೆ ಈ ಎಂಜಿನ್ ಮೂರು ಹಂತ ದಾಟಿದೆ ಎಂದರ್ಥ. ಮರದ ಕಾಂಡದ ಉಂಗುರ ಎಣಿಸಿದಂತೆ ಗಾಡಿಯ ದುಡಿಮೆಯನ್ನು ಎಣಿಸಬಹುದು.

ಭಾಗಗಳ ಮೇಲಿನ ಬರಹವೂ ಮಾತಾಡುತ್ತದೆ. ಚೆಕ್ ಗಾಡಿಗಳ ಕಾರ್ಬುರೇಟರಿನ ಮೇಲೆ ಜಿಕೋವ್, ವಿದ್ಯುತ್ ಭಾಗಗಳ ಮೇಲೆ ಪಾಲ್ ಎಂಬ ಮುದ್ರೆ ಇರುತ್ತದೆ. ಅವುಗಳ ಜಾಗದಲ್ಲಿ ಭಾರತದ ತಯಾರಕರ ಹೆಸರು ಕಂಡರೆ ಒಂದು ಕೈಗಾರಿಕೆ ಹೇಗೆ ಬೇರು ಬಿಡುತ್ತಿತ್ತು ಎಂಬುದು ಲೋಹದಲ್ಲೇ ಓದಲು ಸಿಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಮೇಲೆ ಬೆಂಗಳೂರಿನ ಮೈಕೋ ಹೆಸರಿದ್ದರೆ ಅದು ಆಡುಗೋಡಿಯ ಇತಿಹಾಸದ ತುಣುಕು. ‘ಸ್ವದೇಶೀಕರಣ’ ಎಂದು ಯೋಜನಾ ಆಯೋಗದ ವರದಿಗಳಲ್ಲಿ ಓದುವ ಪದ ಇಲ್ಲಿ ಕೈಗೆ ಎಣ್ಣೆ ಹತ್ತಿಸುವ ವಸ್ತುವಾಗುತ್ತದೆ.

ಓಡಿಸಿದವರು ಮರೆಯದ ವಿಶೇಷವೊಂದಿದೆ. ಜಾವಾದಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಅದೂ ಎಡಗಡೆ. ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿ ಮೇಲೆತ್ತಿದರೆ ಕಿಕ್ಕರ್. ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ಬಿಟ್ಟರೆ ಗೇರ್. ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗ ಒಳಗೆ ಕ್ಲಚ್ ತಾನೇ ಬಿಡಿಸಿಕೊಳ್ಳುವ ಏರ್ಪಾಡೂ ಇತ್ತು. ಇದನ್ನು ಸರಿಯಾಗಿ ಹೊಂದಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಕವರ್ ಬಿಚ್ಚಿ, ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿ, ಲಿವರನ್ನು ಪಾದದಿಂದ ಒತ್ತಿ ನೋಡಿ, ಮತ್ತೆ ಕಾಲು ಸುತ್ತು ತಿರುಗಿಸಿ ಕಲಿಯಬೇಕು. ಹಾಗೆ ಕಲಿತ ಮೆಕ್ಯಾನಿಕ್ಕುಗಳು ಮೈಸೂರು ಸೀಮೆಯಲ್ಲಿ ಒಂದು ತಲೆಮಾರಿನಷ್ಟು ಇದ್ದರು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಕಾನ್‌ರಾಡ್ ಬದಲಿಸಿ ಮತ್ತೆ ಅಡ್ಡಾದಿಡ್ಡಿಯಾಗದಂತೆ ಕೂರಿಸುವುದು, ಆಯಿಲ್ ಸೀಲ್ ಸೋರುತ್ತಿರುವುದನ್ನು ಹೊಗೆಯ ಬಣ್ಣ ನೋಡಿಯೇ ಹೇಳುವುದು, ಪಾಯಿಂಟಿನ ಗ್ಯಾಪನ್ನು ಕಣ್ಣಳತೆಯಲ್ಲಿ ಇಡುವುದು ಅವರ ವಿದ್ಯೆ. ಅದಕ್ಕೆ ಪಠ್ಯವಿಲ್ಲ. ಗುರುವಿನ ಕೈ ನೋಡಿ ಶಿಷ್ಯನ ಕೈಗೆ ಬಂದದ್ದು.

ಇನ್ನು ಅದರ ಅವನತಿ. 1980ರ ದಶಕದ ಮಧ್ಯದಲ್ಲಿ ಸರ್ಕಾರ ಜಪಾನಿ ಸಹಯೋಗಕ್ಕೆ ಬಾಗಿಲು ತೆರೆಯಿತು. ಹೊಸೂರಿನಲ್ಲಿ ಇಂಡ್-ಸುಜುಕಿ, ಉತ್ತರದಲ್ಲಿ ಹೀರೋ ಹೋಂಡಾ, ಯಮಹಾದ ಆರ್‌ಎಕ್ಸ್ 100 ಬಂದವು. ಅವು ಹಗುರ, ಕಿಕ್ಕಿಗೆ ಸುಲಭ, ಪೆಟ್ರೋಲು ಕಡಿಮೆ ಕುಡಿಯುವವು. ಪೆಟ್ರೋಲಿನ ದರ ನೋಡಿ ಗಾಡಿ ಕೊಳ್ಳುವ ಮಧ್ಯಮ ವರ್ಗಕ್ಕೆ ಲೀಟರಿಗೆ 30 ಕಿಲೋಮೀಟರಿನ ಆಸುಪಾಸಿನ 250 ಸಿಸಿ ಗಾಡಿ ಭಾರವೆನಿಸತೊಡಗಿತು. 1991ರಲ್ಲಿ ಬಂದ ಹೊಗೆಯ ಮಿತಿಗಳು 1996ರಲ್ಲಿ ಮತ್ತಷ್ಟು ಬಿಗಿಯಾದವು. ಎಣ್ಣೆ ಸುಟ್ಟು ಹೊಗೆ ಬಿಡುವ ಎರಡು ಸ್ಟ್ರೋಕಿನ ದೊಡ್ಡ ಎಂಜಿನ್ನಿಗೆ ಅದು ಕಷ್ಟದ ಕಾಲ. ಕಾರ್ಖಾನೆಯ ಒಳಗಿನ ತೊಂದರೆಗಳೂ ಸೇರಿ 1996ರಲ್ಲಿ ಉತ್ಪಾದನೆ ನಿಂತಿತು. ಕಂಪನಿ ನಂತರ ಸಮಾಪನಕ್ಕೆ ಹೋಯಿತು.

ಆಮೇಲಿನ ಬದಲಾವಣೆ ಕುತೂಹಲದ್ದು. ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿದ್ದ ಗಾಡಿಗಳನ್ನು ಹುಡುಕಿಕೊಂಡು ಜನ ಬರತೊಡಗಿದರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವಾಗಿ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಸಾಲುಸಾಲು ಗಾಡಿಗಳು ಓಡುತ್ತವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಮೂಲಕ, ಹೊಸ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಮರಳಿದವು. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತು ಎಂಬ ವಿವಾದ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಹೆಸರಿಗೆ ಇಷ್ಟು ಬೆಲೆ ಬಂದಾಗ ಹಳೆಯ ಗಾಡಿಗೂ ಬೆಲೆ ಬಂತು. ಬೆಲೆ ಬಂದಾಗ ಹೊಳಪೂ ಬೇಕಾಯಿತು. ಇಲ್ಲಿಂದಲೇ ನನ್ನ ಆತಂಕ ಶುರುವಾಗುವುದು.

ಹೊಳೆಯುವ ಗಾಡಿಗಳು ಎಲ್ಲಿಗೆ ಮರಳಿವೆ ಎಂದು ನೋಡಿ. ಹೆಚ್ಚಿನವು ಕ್ಯಾಟಲಾಗಿನ ಪುಟಕ್ಕೆ ಮರಳಿವೆ. ಕೆಲವು ಇನ್ನೂ ಹಿಂದಕ್ಕೆ, ಚೆಕ್ ಕ್ಯಾಟಲಾಗಿನ ಪುಟಕ್ಕೆ. ಆ ಪುಟದಲ್ಲಿ ಸೀರೆ ಗಾರ್ಡ್ ಇಲ್ಲ. ಹಿಂದಿನ ಚಕ್ರದ ಎಡಬದಿಗೆ ಕೂರಿಸುವ ಆ ಕಂಬಿಯ ಜಾಲರಿ ಭಾರತದ ಬೀದಿಯ ಕೊಡುಗೆ. ಒಂದೇ ಬದಿಗೆ ಕಾಲು ಹಾಕಿ ಕೂರುವ ಹೆಂಗಸರ ಸೆರಗು ಚಕ್ರಕ್ಕೆ ಸಿಗಬಾರದೆಂದು ಮಾಡಿದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗದ ಜೊತೆಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕೆಂದು ಹೇಳುತ್ತದೆ. ‘ಇದು ಒರಿಜಿನಲ್ ಅಲ್ಲ’ ಎಂದು ಅದನ್ನು ಬಿಚ್ಚಿ ಗುಜರಿಗೆ ಹಾಕಿದಾಗ ಆ ಗಾಡಿಯ ಹಿಂದಿನ ಸೀಟಿನಲ್ಲಿ ಇಪ್ಪತ್ತು ವರ್ಷ ಕೂತವರು ಇತಿಹಾಸದಿಂದ ಇಳಿದುಹೋಗುತ್ತಾರೆ. ಹಾಲಿನ ಕ್ಯಾನ್ ನೇತುಹಾಕಲು ಬೆಸೆದ ಕೊಕ್ಕೆಯೂ ಹಾಗೆಯೇ, ಹ್ಯಾಂಡಲಿನ ಮೇಲೆ ಅಂಟಿಸಿದ ದೇವರ ಚಿತ್ರವೂ ಹಾಗೆಯೇ, ಕನ್ನಡ ಅಂಕಿಯಲ್ಲಿ ಕೈಬರಹದಿಂದ ಬರೆಸಿದ ನಂಬರ್ ಪ್ಲೇಟೂ ಹಾಗೆಯೇ. ಉಳಿಯುವುದು ಯಾರೂ ಓಡಿಸದ ಗಾಡಿ.

ಕಾನೂನು ಈ ಗೊಂದಲವನ್ನು ಕಡಿಮೆ ಮಾಡಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳು ಈ ಪಟ್ಟಿಗೆ ಸೇರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಎಂಬ ಗುರುತು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಮೂಲರೂಪ ಎಂಬ ಮಾತು ಅಷ್ಟು ಸರಳವಲ್ಲ. ಮೂರು ಸಲ ಬೋರ್ ಆದ ಎಂಜಿನ್ ಮೂಲವೇ? ಬೇರೆ ಗಾಡಿಯ ಚಕ್ರ ಹಾಕಿಕೊಂಡು ಮೂವತ್ತು ವರ್ಷ ಓಡಿದ್ದು ಮೂಲವಲ್ಲವೇ? ನಿನ್ನೆ ಪುಡಿ ಬಣ್ಣ ಹೊಡೆಸಿ, ಹೊಸ ತಗಡಿನಲ್ಲಿ ಮಡ್‌ಗಾರ್ಡ್ ಮಾಡಿಸಿ, ಕ್ಯಾಟಲಾಗಿನಂತೆ ಕಾಣುವಂತೆ ಮಾಡಿದ್ದು ಮೂಲವೇ?

ಈ ಜಗಳ ಹಳೆಯದು. 1877ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೆಯ ಕಟ್ಟಡಗಳ ರಕ್ಷಣೆಗೊಂದು ಸಂಘ ಕಟ್ಟಿದರು. ಜೀರ್ಣೋದ್ಧಾರದ ಹೆಸರಿನಲ್ಲಿ ಚರ್ಚುಗಳ ಗೋಡೆ ಕೆರೆದು, ನಡುವಿನ ಶತಮಾನಗಳನ್ನು ತೆಗೆದುಹಾಕಿ, ಒಂದು ಕಾಲ್ಪನಿಕ ಮಧ್ಯಯುಗಕ್ಕೆ ಮರಳಿಸುತ್ತಿದ್ದುದು ಅವರನ್ನು ಕೆರಳಿಸಿತ್ತು. ಆ ಸಂಘಕ್ಕೆ ‘ಕೆರೆಯುವಿಕೆಯ ವಿರೋಧಿ’ಗಳು ಎಂಬ ಅಡ್ಡಹೆಸರು ಬಿತ್ತು. ಭಾರತದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರ ತಮ್ಮ ಸಂರಕ್ಷಣಾ ಕೈಪಿಡಿಯಲ್ಲಿ ಇದೇ ದಾರಿ ಹಿಡಿದರು. ಸ್ಮಾರಕವನ್ನು ಹೊಸದು ಮಾಡುವುದು ಇಲಾಖೆಯ ಕೆಲಸವಲ್ಲ, ಇರುವುದನ್ನು ಉಳಿಸುವುದು ಕೆಲಸ ಎಂಬುದು ಅದರ ತಿರುಳು. ಗುಡಿಗೋಪುರದ ವಿಷಯದಲ್ಲಿ ನಾವು ಒಪ್ಪಿಕೊಂಡ ಈ ವಿವೇಕ ತಗಡು, ರಬ್ಬರ್, ನಟ್ಟು ಬೋಲ್ಟಿನ ವಿಷಯದಲ್ಲಿ ಇನ್ನೂ ನಮ್ಮದಾಗಿಲ್ಲ.

ಇನ್ನೂ ಹತ್ತಿರದ ಮಾದರಿಯೊಂದು ಮೈಸೂರಿನಲ್ಲೇ ಇದೆ. 1891ರಲ್ಲಿ ಶುರುವಾದ ಅಲ್ಲಿನ ಪ್ರಾಚ್ಯ ಸಂಶೋಧನಾ ಸಂಸ್ಥೆಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದರು. ಹಸ್ತಪ್ರತಿ ಸಂಪಾದನೆಯ ಶಿಸ್ತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. ಹಲವು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಮೇಲೆ ಇಡುತ್ತೇವೆ. ಬಿಟ್ಟ ಪಾಠಗಳನ್ನು ಎಸೆಯುವುದಿಲ್ಲ, ಪುಟದ ಕೆಳಗೆ ಪಾಠಾಂತರವಾಗಿ ಕೊಡುತ್ತೇವೆ. ಹುಳು ತಿಂದ ಜಾಗವನ್ನು ಊಹೆಯಿಂದ ತುಂಬಿದರೆ ಅದನ್ನು ಕಂಸದಲ್ಲಿ ಇಡುತ್ತೇವೆ. ಲಿಪಿಕಾರನ ತಪ್ಪೂ ನಮಗೆ ಬೇಕು, ಅವನ ಊರು ಯಾವುದು, ಬಾಯಿ ಭಾಷೆ ಯಾವುದು ಎಂದು ಅದೇ ಹೇಳುತ್ತದೆ. ಓದುಗರಿಗೆ ನಯವಾದ ಪಠ್ಯ ಸಿಗುತ್ತದೆ, ಸಂಶೋಧಕರಿಗೆ ಸಾಕ್ಷ್ಯ ಉಳಿಯುತ್ತದೆ. ಮನೆಯ ಶೆಡ್ಡಿನಲ್ಲಿ ನಡೆಯುವ ಕೆಲಸಕ್ಕೆ ಬೇಕಿರುವುದು ಇದೇ, ಪುಟದ ಕೆಳಗಿನ ಆ ಸಣ್ಣ ಅಕ್ಷರ.

ಇದಕ್ಕೆ ಎದುರು ಮಾತುಗಳಿವೆ, ನ್ಯಾಯವಾದವೇ. ತುಕ್ಕು ಯಾರ ಸಿದ್ಧಾಂತಕ್ಕೂ ಕಾಯುವುದಿಲ್ಲ. ತೂತು ಬಿದ್ದ ಟ್ಯಾಂಕನ್ನು ಇತಿಹಾಸ ಎಂದು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಇತಿಹಾಸವೂ ಇಲ್ಲ, ಟ್ಯಾಂಕೂ ಇಲ್ಲ. ಓಲೆಗರಿಯನ್ನು ಓದಬಹುದು, ಮೋಟಾರ್‌ಸೈಕಲ್ಲನ್ನು ಓಡಿಸಬೇಕು. ಓಡದ ಗಾಡಿಯ ಶಬ್ದ, ವಾಸನೆ, ಹಿಡಿತ ಯಾವ ದಾಖಲೆಯಲ್ಲೂ ಸಿಗದು. ಬ್ರೇಕ್ ಹಿಡಿಯದ ಹಳೆಯ ಲೈನರನ್ನು ಪಾವಿತ್ರ್ಯದ ಹೆಸರಿನಲ್ಲಿ ಉಳಿಸಿಕೊಂಡು ರಸ್ತೆಗಿಳಿಯುವುದು ಮೂರ್ಖತನ. ಎಲ್ಲಕ್ಕಿಂತ ಮುಖ್ಯವಾಗಿ, ತೀರಿಹೋದ ತಂದೆಯ ಗಾಡಿಯನ್ನು ಮಗ ಅಥವಾ ಮಗಳು ತನ್ನ ಸಂಬಳದಲ್ಲಿ ಉಳಿಸಿದ ದುಡ್ಡು ಹಾಕಿ ಮಿಂಚುವಂತೆ ಮಾಡಿದರೆ ಅದನ್ನು ತಪ್ಪು ಎನ್ನಲು ನಾವು ಯಾರು? ಆ ಮಿಂಚು ಕೂಡ ಗಾಡಿಯ ಇತಿಹಾಸದ ಒಂದು ಅಧ್ಯಾಯವೇ.

ಆದ್ದರಿಂದ ನಾನು ಕೇಳುತ್ತಿರುವುದು ರಿಪೇರಿ ಬೇಡ ಎಂದಲ್ಲ, ಬಣ್ಣ ಬೇಡ ಎಂದೂ ಅಲ್ಲ. ಕೆರೆಯುವ ಮೊದಲು ಬರೆದಿಡಿ ಎಂದು. ಇದಕ್ಕೆ ಖರ್ಚಿಲ್ಲ. ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಹಗಲು ಬೆಳಕಿನಲ್ಲಿ ಫೋಟೋ ತೆಗೆಯುವುದು. ಟ್ಯಾಂಕಿನ ಅಡಿಯಲ್ಲೋ ಬ್ಯಾಟರಿ ಪೆಟ್ಟಿಗೆಯ ಒಳಗೋ ಅಂಗೈಯಗಲ ಹಳೆಯ ಬಣ್ಣವನ್ನು ಹಾಗೇ ಬಿಡುವುದು. ಪಿಸ್ಟನ್ನಿನ ಅಳತೆ, ಎಂಜಿನ್, ಚಾಸಿ ಸಂಖ್ಯೆ, ಭಾಗಗಳ ಮೇಲಿನ ಮುದ್ರೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಬದಲಿಸಿದ ಭಾಗಗಳನ್ನು ಗುಜರಿಗೆ ಕೊಡದೆ, ತೆಗೆದ ದಿನಾಂಕದ ಚೀಟಿ ಕಟ್ಟಿ ಒಂದು ಗೋಣಿಚೀಲದಲ್ಲಿ ಇಡುವುದು. ಹೊಸದಾಗಿ ಮಾಡಿಸಿದ ಭಾಗದ ಒಳಬದಿಯಲ್ಲಿ ವರ್ಷವನ್ನು ಸಣ್ಣದಾಗಿ ಪಂಚ್ ಮಾಡಿಸುವುದು. ಮುಂದೆ ಯಾರೂ ಅದನ್ನು ಕಾರ್ಖಾನೆಯದೆಂದು ಭ್ರಮಿಸಬಾರದು. ಹಳೆಯ ಆರ್.ಸಿ. ಪುಸ್ತಕ, ಇನ್ಶೂರೆನ್ಸ್ ಕಾಗದ, ಸರ್ವಿಸ್ ಚೀಟಿ ಯಾವುದನ್ನೂ ಎಸೆಯದಿರುವುದು. ಹಿಂದಿನ ಮಾಲೀಕರಿಗೆ ಫೋನು ಮಾಡಿ, ಈ ಗಾಡಿಯಲ್ಲಿ ಯಾರ್‍ಯಾರನ್ನು ಕೂರಿಸಿಕೊಂಡು ಎಲ್ಲೆಲ್ಲಿಗೆ ಹೋಗಿದ್ದಿರಿ ಎಂದು ಕೇಳಿ ಬರೆದುಕೊಳ್ಳುವುದು. ಸೀರೆ ಗಾರ್ಡನ್ನು ಬಿಚ್ಚಲೇಬೇಕೆಂದಿದ್ದರೆ ಬಿಚ್ಚಿ, ಆದರೆ ಅದೇ ಗೋಣಿಚೀಲದಲ್ಲಿ ಇಟ್ಟಿರಿ.

ಬರೆದಿಡಬೇಕಾದ ಇನ್ನೊಂದು ಬಹುಮುಖ್ಯ ಸಂಗತಿಯಿದೆ: ಕೈಗಳು. ನಮ್ಮ ಕೈಗಾರಿಕೆಯ ಇತಿಹಾಸ ದಿವಾನರು, ಮಹಾರಾಜರು, ಸಂಸ್ಥಾಪಕರ ಹೆಸರುಗಳಲ್ಲಿ ಮುಗಿದುಹೋಗುತ್ತದೆ. ಈ ಪ್ರಬಂಧದಲ್ಲೂ ಹೆಸರಿರುವುದು ಯಾನೆಚೆಕ್‌ಗೆ, ಇರಾನಿಯವರಿಗೆ, ಒಡೆಯರಿಗೆ. ಟ್ಯಾಂಕಿನ ಮೇಲೆ ಗೆರೆ ಎಳೆದವರಿಗೆ ಇಲ್ಲಿಯೂ ಹೆಸರಿಲ್ಲ. ಅಲ್ಲಿ ಎರಕ ಹೊಯ್ದವರು, ಕ್ರೋಮ್ ತೊಟ್ಟಿಯ ಮುಂದೆ ನಿಂತವರು, ತಯಾರಾದ ಗಾಡಿಯನ್ನು ಓಡಿಸಿ ನೋಡಿ ಸರಿಯೆಂದವರು ಮೈಸೂರಿನ ಬಡಾವಣೆಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಬಾಳಿದವರು. 1961ರಲ್ಲಿ 20 ವರ್ಷದವರಾಗಿ ಕೆಲಸಕ್ಕೆ ಸೇರಿದವರಿಗೆ ಈಗ 80 ದಾಟಿದೆ. ಅವರು ಆತ್ಮಕಥೆ ಬರೆಯುವುದು ಅಪರೂಪ. ಯಾರಾದರೂ ಕೇಳಿದರೆ ಹೇಳುತ್ತಾರೆ. ಹಳೆಯ ಗಾಡಿಯ ಮಾಲೀಕರಿಗೆ ಕೇಳುವುದಕ್ಕೊಂದು ನೆಪ ಇದೆ, ಸಂಶೋಧಕರಿಗಿಂತ ಒಳ್ಳೆಯ ನೆಪ. ನಾವು ರೆಕಾರ್ಡರ್ ಹಿಡಿದು ಹೋದರೆ ಮಾತು ಗಟ್ಟಿಯಾಗಿ ಔಪಚಾರಿಕವಾಗುತ್ತದೆ. ಗಾಡಿಯನ್ನೇ ಮನೆಯ ಮುಂದೆ ನಿಲ್ಲಿಸಿ, ‘ಸಾರ್, ಈ ಕ್ಲಚ್ ಸ್ವಲ್ಪ ನೋಡ್ತೀರಾ’ ಎಂದರೆ ಮೊದಲು ಕೈ ಮಾತಾಡುತ್ತದೆ, ಆಮೇಲೆ ಬಾಯಿ.

ಮುಂದೊಂದು ದಿನ ಯಾರೋ ಮೈಸೂರಿನ ಕೈಗಾರಿಕಾ ಇತಿಹಾಸ ಬರೆಯಲು ಕೂರುತ್ತಾರೆ. ಅವರಿಗೆ ಸರ್ಕಾರದ ಗೆಜೆಟ್ಟು ಸಿಗುತ್ತದೆ, ಕೋರ್ಟಿನ ತೀರ್ಪು ಸಿಗುತ್ತದೆ, ಜಾಹೀರಾತು ಸಿಗುತ್ತದೆ. ಕನ್ನಡಿಯಂತೆ ಹೊಳೆಯುವ, ಒಂದರಂತೆ ಇನ್ನೊಂದಿರುವ ನೂರು ಗಾಡಿಗಳೂ ಸಿಗುತ್ತವೆ. ಅವುಗಳಲ್ಲಿ ಒಂದರ ಜೊತೆಗಾದರೂ ಎಣ್ಣೆ ಕಲೆಯ ನೋಟ್‌ಬುಕ್ಕೂ, ಚೀಟಿ ಕಟ್ಟಿದ ಗೋಣಿಚೀಲವೂ ಸಿಕ್ಕರೆ ಅವರ ಕೆಲಸ ಶುರುವಾಗುವುದು ಆ ಗಾಡಿಯಿಂದಲೇ.